ಮಾಲೆ ತೆಗೆಯದ ಮುರುಗೇಶ

ಮುರುಗೇಶನನ್ನು ನಾನು ಮೊದಲು ಕಂಡದ್ದು 2016ರ ಡಿಸೆಂಬರ್ ತಿಂಗಳ ಒಂದು ಬೆಳಗ್ಗೆ. ಪ್ರೌಢಶಾಲೆಯ ಮೇಷ್ಟರ ಕೆಲಸದಿಂದ ನಾನು ನಿವೃತ್ತನಾಗಿ ಆರು ತಿಂಗಳಾಗಿತ್ತು. ಬಸವೇಶ್ವರನಗರದ ಮನೆಯಿಂದ ರಾಜಾಜಿನಗರಕ್ಕೆಂದು ಹೊರಟಿದ್ದೆ. ನನ್ನ ಹಳೆಯ ಸ್ಕೂಟರು ಮೂರನೆಯ ತಿರುವಿನಲ್ಲೇ ಕೆಮ್ಮಿ ನಿಂತುಬಿಟ್ಟಿತು. ತಳ್ಳಿಕೊಂಡು ಬರುತ್ತಿದ್ದಾಗ ಒಂದು ಸಣ್ಣ ಗ್ಯಾರೇಜಿನಿಂದ ಕಪ್ಪು ಪಂಚೆ ಉಟ್ಟ, ಗಡ್ಡ ಬಿಟ್ಟ, ಹಣೆತುಂಬ ವಿಭೂತಿ ಬಳಿದುಕೊಂಡ ಬರಿಗಾಲಿನ ಮನುಷ್ಯನೊಬ್ಬ ಎದ್ದು ಬಂದು ಹ್ಯಾಂಡಲ್ಲನ್ನು ನನ್ನ ಕೈಯಿಂದ ತೆಗೆದುಕೊಂಡ.

"ಬಿಡಿ ಸ್ವಾಮಿ, ನಾನ್ ತಳ್ತೀನಿ. ನೀವು ಆ ಸ್ಟೂಲ್ ಮೇಲೆ ಕೂತ್ಕೊಳ್ಳಿ ಸ್ವಾಮಿ."

ಶಬರಿಮಲೆಗೆ ಹೋಗಲು ಮಾಲೆ ಹಾಕಿದ್ದಾನೆಂದು ತಿಳಿಯಿತು. ಮಾಲೆ ಕೊರಳಲ್ಲಿರುವ ನಲವತ್ತೊಂದು ದಿನವೂ ಎರಡು ಹೊತ್ತು ತಣ್ಣೀರ ಸ್ನಾನ, ಬೇರೆ ತಟ್ಟೆ ಲೋಟ, ನೆಲದ ಮೇಲೆ ನಿದ್ದೆ, ಕಾಲಿಗೆ ಚಪ್ಪಲಿಯಿಲ್ಲ, ಮುಖಕ್ಕೆ ಕತ್ತಿಯಿಲ್ಲ. ಎದುರಿಗೆ ಸಿಕ್ಕವರೆಲ್ಲ ಅವರ ಬಾಯಲ್ಲಿ ಸ್ವಾಮಿಗಳೇ. ಇದು ಎಲ್ಲರಿಗೂ ಗೊತ್ತಿರುವ ಪದ್ಧತಿ. ಆದರೆ ಮುರುಗೇಶನಷ್ಟು ನಿಷ್ಠೆಯಿಂದ ಅದನ್ನು ಪಾಲಿಸಿದವರನ್ನು ನಾನು ನೋಡಿರಲಿಲ್ಲ. ಹಾರನ್ ಬಾರಿಸಿ ಬೈದು ಹೋದ ಹುಡುಗನಿಗೆ "ನಿಧಾನ ಸ್ವಾಮಿ" ಎಂದ. ಸ್ಪ್ಯಾನರುಗಳ ತಟ್ಟೆಯ ಪಕ್ಕದಲ್ಲೇ ಬಂದು ಉರುಳಿಕೊಂಡ ಬೀದಿನಾಯಿಗೆ "ಸ್ವಲ್ಪ ಆ ಕಡೆ ಮಲಕ್ಕೊಳಿ ಸ್ವಾಮಿ" ಎಂದ. ನಾಯಿ ಜರುಗಿತು.

ಜನವರಿ ಕೊನೆಯಲ್ಲಿ ಮತ್ತೆ ಹೋದೆ. ನುಣ್ಣಗೆ ಕ್ಷೌರ ಮಾಡಿಸಿಕೊಂಡು ಪ್ಯಾಂಟು ತೊಟ್ಟಿದ್ದವನೊಬ್ಬ ಫೋನಿನಲ್ಲಿ ಕೂಗಾಡುತ್ತಿದ್ದ. "ನಿನ್ನ ಗಾಡಿ ಎತ್ಕೊಂಡ್ ಹೋಗೋ ಗುರು! ಕ್ಲಚ್ ಪ್ಲೇಟ್ ನಾನೇನ್ ಹೆತ್ತಿದೀನಾ?" ನಾಯಿ ಎದುರುಬದಿಯ ರೊಟ್ಟಿ ಅಂಗಡಿಯ ಬೆಂಚಿನ ಕೆಳಗೆ ಸೇರಿಕೊಂಡಿತ್ತು.

"ಇಲ್ಲಿ ಸ್ವಾಮಿಯೊಬ್ಬರು ಇದ್ದರಲ್ಲ?" ಎಂದು ಕೇಳಿದೆ.

"ನಾನೇ ಸಾರ್ ಅದು," ಎಂದು ಅವನು ತಲೆ ಕೆರೆದುಕೊಂಡ. "ಮಾಲೆ ತೆಗೆದಾಯ್ತು."

ಆಮೇಲೆ ಆ ಗ್ಯಾರೇಜು ನನಗೆ ಹೊತ್ತು ಕಳೆಯುವ ಜಾಗವಾಯಿತು. ನಿವೃತ್ತರಿಗೆ ಒಂದು ಸ್ಟೂಲು, ಒಂದು ಪತ್ರಿಕೆ ಸಿಕ್ಕಿದರೆ ಸಾಕು. ಎದುರಿಗೆ ರೊಟ್ಟಿ ತಟ್ಟುತ್ತಿದ್ದ ಗದಗದ ಕಡೆಯ ಹೊನ್ನವ್ವ ದಿನಕ್ಕೆರಡು ಸಲ ಚಹಾ ಕಳಿಸುತ್ತಿದ್ದಳು. ಮುರುಗೇಶ ಕೂತು ಮಾಡುವ ಕೆಲಸವನ್ನೂ ನಿಂತೇ ಮಾಡುವ ಜಾತಿಯವನು. ಒಂದು ಗಾಡಿಯ ಚಕ್ರ ಬಿಚ್ಚಿಟ್ಟು ಇನ್ನೊಂದರ ಬ್ರೇಕಿಗೆ ಕೈ ಹಾಕುವುದು, ಬಾಗಿಲಿಗೆ ಹೋಗಿ ರಸ್ತೆ ನೋಡುವುದು, ಯಾರೂ ಕರೆಯದಿದ್ದರೂ ಫೋನು ತೆಗೆದು ನೋಡುವುದು. "ಯಾರಿಗೋ ಕಾಯುತ್ತಿದ್ದೀರಾ?" ಎಂದರೆ "ಇಲ್ಲ ಸಾರ್, ಅಭ್ಯಾಸ" ಎನ್ನುತ್ತಿದ್ದ. ನನಗಿಂತ ಇಪ್ಪತ್ತು ವರ್ಷ ಚಿಕ್ಕವನು. "ನೀನು ಅಂತಾನೇ ಕರೀರಿ ಸಾರ್, ನೀವು ಅಂದ್ರೆ ಬಿಲ್ ಜಾಸ್ತಿ ಆಗುತ್ತೆ" ಎಂದು ತಮಾಷೆ ಮಾಡಿದ ದಿನದಿಂದ ನಾನೂ ಏಕವಚನಕ್ಕೆ ಇಳಿದೆ.

ಬಿಡಿಭಾಗಗಳ ಹಲಗೆಯ ಮೇಲೆ, ಬೇರಿಂಗ್ ಡಬ್ಬಿಗಳ ನಡುವೆ, ಶಬರಿಮಲೆಯ ಅರವಣ ಪಾಯಸ ಪ್ರಸಾದದ ಒಂದು ತಗಡಿನ ಡಬ್ಬಿಯಿತ್ತು. ಮುಚ್ಚಳ ತೆರೆದಿರಲಿಲ್ಲ, ಅಂಚು ತುಕ್ಕು ಹಿಡಿದಿತ್ತು. ಅದನ್ನು ಏಕೆ ಹಾಗೆಯೇ ಇಟ್ಟಿದ್ದೀಯೆಂದು ಒಮ್ಮೆ ಕೇಳಿದೆ. ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ, ಮತ್ತೆ ಎತ್ತಿಕೊಂಡ.

"ಅದು ಅಪ್ಪಂದು ಸಾರ್. ಡಬ್ಬೀನ ಬೆರಳಲ್ಲಿ ಕೆರೆದು ತಿನ್ನೋರು, ಮಗು ತರ."

ಅವರದು ಹೇರೋಹಳ್ಳಿಯ ಹಳೆಯ ಮನೆತನ. ಊರಿನ ಸುತ್ತ ಸೈಟುಗಳೆದ್ದು ಹೊಲ ಮಾಯವಾದರೂ ಇವರ ಮನೆ ಇದ್ದಲ್ಲೇ ಇತ್ತು. ಅಪ್ಪ, ಅವ್ವ ಮುನಿತಾಯಮ್ಮ, ಬಡಾವಣೆಗಳಿಗೆ ನೀರು ಬಿಡುವ ಕೆಲಸದ ಅಣ್ಣ ದೊಡ್ಡಣ್ಣ, ಎಲ್ಲರೂ ಅಲ್ಲಿ. ಮುರುಗೇಶ ಮದುವೆಯಾದ ಮೇಲೆ ಗ್ಯಾರೇಜಿನ ಮೇಲಿನ ಎರಡು ಕೋಣೆಗೆ ಬಂದಿದ್ದ. 2015ರ ಜನವರಿಯಲ್ಲಿ ಅವನು ತಲೆಯ ಮೇಲೆ ಪೂಜಾಸಾಮಗ್ರಿಯ ಗಂಟಾದ ಇರುಮುಡಿ ಹೊತ್ತು ಬೆಟ್ಟದ ಬುಡ ತಲುಪಿದ ದಿನ, ಇಲ್ಲಿ ಅಪ್ಪ ಎದೆನೋವೆಂದು ಕೂತವರು ಏಳಲಿಲ್ಲ.

ಮಾಲೆ ಹಾಕಿದವನ ಮನೆಯಲ್ಲಿ ಸಾವಾದರೆ ಮಾಲೆ ಇಳಿಸಬೇಕು. ಹೊತ್ತ ಇರುಮುಡಿಯನ್ನು ಅರ್ಧದಾರಿಯಿಂದ ಹಿಂದಕ್ಕೆ ತರುವುದೆಂದರೆ ಜನ ಹೆದರುತ್ತಾರೆ. ಹೇರೋಹಳ್ಳಿಯ ಹಿರಿಯರು ದೊಡ್ಡಣ್ಣನಿಗೆ, "ಅವನಿಗೆ ಹೇಳ್ಬೇಡ. ಹೇಳಿದ್ರೂ ನಾಳೆ ಸಾಯಂಕಾಲ ಮಣ್ಣು ಮಾಡೋದ್ರೊಳಗೆ ಬರಕ್ಕಾಗಲ್ಲ" ಎಂದರು. ದೊಡ್ಡಣ್ಣ ಹೇಳಲಿಲ್ಲ. ತಂಡದ ಗುರುಸ್ವಾಮಿಗೆ ಮಾತ್ರ ತಿಳಿಸಿ, ಬಾಯಿ ಬಿಡಬಾರದೆಂದು ಕೇಳಿಕೊಂಡ. ಮೂರನೆಯ ದಿನ ಮುರುಗೇಶ ಪ್ರಸಾದದ ಡಬ್ಬಿ ಹಿಡಿದು, ಶರಣು ಕೂಗುತ್ತಾ ಬೀದಿಯ ತಿರುವಿಗೆ ಬಂದಾಗ ಮನೆಯ ಮುಂದೆ ಶಾಮಿಯಾನ ಕಂಡಿತು. ಅವ್ವನ ಹಣೆ ಬರಿದಾಗಿತ್ತು.

"ಮುಖ ನೋಡಕ್ಕೆ ಬಿಡ್ಲಿಲ್ಲ ಸಾರ್. ನನ್ನಪ್ಪ ಅಲ್ವಾ? ನಾನೇನ್ ಬಾಡಿಗೆಗೆ ಬಂದಿದ್ನಾ? ಬರಕ್ಕಾಗ್ತಿತ್ತೋ ಇಲ್ವೋ, ಅದನ್ನ ನಾನ್ ತಾನೇ ಹೇಳ್ಬೇಕಿತ್ತು?"

ಅಂದು ಅಣ್ಣನೊಡನೆ ಬಿಟ್ಟ ಮಾತನ್ನು ಅವನು ಮತ್ತೆ ಆಡಲಿಲ್ಲ. ಅವ್ವನನ್ನು ನೋಡಲು ಹೋದರೆ ಅಣ್ಣ ಕೆಲಸಕ್ಕೆ ಹೋದ ಸಮಯ ನೋಡಿಕೊಂಡು ಹೋಗುತ್ತಿದ್ದ.

ವಿಚಿತ್ರವೆಂದರೆ ಮರುವರ್ಷದಿಂದ ದೊಡ್ಡಣ್ಣನೂ ಮಾಲೆ ಹಾಕತೊಡಗಿದ. ಅದುವರೆಗೆ ಬೆಟ್ಟದ ಕಡೆ ಮುಖ ಮಾಡಿದವನಲ್ಲ. ಹೇರೋಹಳ್ಳಿಯಲ್ಲಿ ಹಾಕುವ ಭಜನೆಯ ಚಪ್ಪರದಲ್ಲಿ ಅಣ್ಣತಮ್ಮಂದಿರು ಎದುರಾಗಲೇಬೇಕು. ಮಾಲೆಯಲ್ಲಿರುವವರು ಮುಖ ತಿರುಗಿಸುವಂತಿಲ್ಲ. "ಸ್ವಾಮಿ ಶರಣಂ" ಎಂದು ಒಬ್ಬರ ಕಾಲಿಗೆ ಒಬ್ಬರು ಬೀಳುತ್ತಿದ್ದರು. "ಸ್ವಾಮಿ, ಸ್ವಲ್ಪ ಸಾರು ಬಡಿಸಿ," "ಸ್ವಾಮಿ, ದೀಪಕ್ಕೆ ಎಣ್ಣೆ ಹಾಕಿ," ಹೀಗೆ ನಲವತ್ತೊಂದು ದಿನ ಮಾತು ನಡೆಯುತ್ತಿತ್ತು. ಹಿಂದಿರುಗಿ ಬಂದು ಮಾಲೆ ಇಳಿಸಿದರೆ ಮತ್ತೆ ಹನ್ನೊಂದು ತಿಂಗಳು ಮೌನ. ಏಳು ವರ್ಷ ಹೀಗೆಯೇ ಹೋಯಿತು.

2022ರ ಡಿಸೆಂಬರಿನಲ್ಲಿ ಒಂದು ಮುಂಜಾನೆ ಮುರುಗೇಶ ನನ್ನ ಮನೆಯ ಗೇಟು ಬಡಿದ. ತಲೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ಬಾ ಎಂದರೆ ಬರಲಿಲ್ಲ. ಅಂಗಳದಲ್ಲೇ ಅತ್ತಿತ್ತ ನಡೆಯುತ್ತಾ ಹೇಳಿದ.

"ಸ್ವಾಮಿ, ಧ್ಯಾನಕ್ಕೆ ಕೂತಿದ್ದೆ. ದಿನಾ ಕೂತ್ಕೋತೀನಲ್ಲ, ಹಂಗೇ. ಕೆಳಗೆ ಹಾಲಿನ ಗಾಡಿ ಬಂತು. ಪಕ್ಕದ ಮನೇಲಿ ಕುಕ್ಕರ್ ಕೂಗ್ತು. ಹಿಂದಿನ ಮನೇಲಿ ಗಂಡಹೆಂಡ್ತಿ ಜಗಳ ಆಡ್ತಿದ್ರು. ಎಲ್ಲಾ ಕೇಳಿಸ್ತಿತ್ತು ಸ್ವಾಮಿ, ಆದ್ರೆ ಎಲ್ಲಾ ನಮ್ಮನೇದೇ ಅನ್ನಿಸ್ಬಿಡ್ತು. ಆ ಜಗಳಾನೂ ನಮ್ಮನೇದೇ. ಎದೆ ಒಳಗೆ ಬಿಸಿನೀರು ಬಿಟ್ಟಂಗಾಯ್ತು. ಎದ್ದು ಹೊರಗೆ ಬಂದ್ರೆ ಕಸದ ಆಟೋದವನು ನಿಂತಿದ್ದ. ತಬ್ಕೊಂಡ್ಬಿಟ್ಟೆ ಸ್ವಾಮಿ!"

"ಅವನು ಏನಂದ?"

"ಹಸಿ ಕಸ ಬೇರೆ, ಒಣ ಕಸ ಬೇರೆ ಮಾಡಿ ಅಂದ."

ನಾವಿಬ್ಬರೂ ನಕ್ಕೆವು. ನಗುತ್ತಲೇ ಅವನ ಕಣ್ಣು ತುಂಬಿತು. ಆ ದಿನ ಸಂಜೆ ಭಜನೆಯಲ್ಲಿ ಅಣ್ಣನ ಕಾಲಿಗೆ ಬಿದ್ದಾಗ ಎದ್ದೇಳಲು ಮನಸ್ಸು ಬರಲಿಲ್ಲವೆಂದು ಮರುದಿನ ಹೇಳಿದ. ಅವನ ಮಾತಿನಲ್ಲಿ ಸುಖಕ್ಕಿಂತ ಭಯ ಹೆಚ್ಚಾಗಿತ್ತು. "ಇನ್ನು ಇಪ್ಪತ್ತು ದಿನ ಸ್ವಾಮಿ. ಮಾಲೆ ತೆಗೆದ ಮೇಲೆ ಇದು ಹೋಗ್ಬಿಡುತ್ತಲ್ಲ?"

ಜನವರಿಯಲ್ಲಿ ಬೆಟ್ಟದಿಂದ ಮರಳಿ ಬಂದಾಗ ಅವನು ಮಾಲೆ ತೆಗೆಯಲಿಲ್ಲ. ಗುರುಸ್ವಾಮಿ ಗದರಿಸಿದರು, ಒಪ್ಪಲಿಲ್ಲ. ನನ್ನನ್ನು ಕೇಳಿದ. "ತೆಗೆಯಬೇಡ, ಒಳ್ಳೆಯದೇ ಆಯಿತಲ್ಲ" ಎಂದುಬಿಟ್ಟೆ. ಬೈಯದ, ಕೂಗದ ಮುರುಗೇಶ ನನಗೆ ಇಷ್ಟವಾಗಿದ್ದ. ಅವನ ಮನೆಯವರ ಪಾಡೇನೆಂದು ನಾನು ಯೋಚಿಸಲಿಲ್ಲ. ಅದು ನನ್ನ ತಪ್ಪು.

ಫೆಬ್ರವರಿಯಲ್ಲಿ ಅವನ ಹೆಂಡತಿ ರಂಜಿನಿ ನನ್ನ ಮನೆಗೆ ಬಂದಳು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಮಾತಾಡಿದಳು.

"ಸಾರ್, ನಲವತ್ತೊಂದು ದಿನ ಅಂದ್ರೆ ನಾವೂ ಸಂತೋಷವಾಗಿ ಮಾಡ್ತೀವಿ. ವರ್ಷ ಪೂರ್ತಿ ಅಂದ್ರೆ ಹೆಂಗ್ ಸಾರ್? ತಿಂಗಳ ಆ ದಿನ ಬಂದ್ರೆ ನಾನು, ಮಗಳು ದೀಪ್ತಿ ಕಾಮಾಕ್ಷಿಪಾಳ್ಯದ ನಮ್ಮಮ್ಮನ ಮನೆಗೆ ಬ್ಯಾಗ್ ಎತ್ಕೊಂಡ್ ಹೋಗ್ಬೇಕು. ಅವಳಿಗೆ ಪರೀಕ್ಷೆ ಬೇರೆ. ಎದುರಿಗೆ ನಿಂತ್ರೆ 'ಹೇಳಿ ಅಮ್ಮ' ಅಂತಾರೆ ನನ್ನನ್ನ! ನಾನೇನ್ ಅವರಮ್ಮನಾ?"

ಗ್ಯಾರೇಜಿನಲ್ಲೂ ಅಷ್ಟೇ. ಬರಿಗಾಲಿಗೆ ಬಿಸಿ ಸೈಲೆನ್ಸರು ತಗುಲಿ ಹೆಬ್ಬೆರಳು ಬೊಬ್ಬೆಯೆದ್ದಿತ್ತು. ಗಾಡಿ ರಿಪೇರಿಗೆ ಬಂದ ಹೆಂಗಸರು ಕಾಲು ಮುಟ್ಟತೊಡಗಿದರು. ಯಾರೋ ಅಳುವ ಮಗುವನ್ನು ತಂದು ವಿಭೂತಿ ಹಚ್ಚಿ ಎಂದರು. ಅವನು ಹಚ್ಚಿದ, ಮಗು ಇನ್ನೂ ಜೋರಾಗಿ ಅತ್ತಿತು. ರಸ್ತೆಯಾಚೆಯಿಂದ ಹೊನ್ನವ್ವ, "ಗ್ರೀಸ್ ಕೈಲೆ ಹಚ್ಚಿದ್ರ ಅಳೂದಿಲ್ಲೇನೋ ಯಪ್ಪಾ!" ಎಂದು ಕೂಗಿದಳು.

ಇಷ್ಟೆಲ್ಲ ಆದರೂ ಅವನಿಗೆ ನೆಮ್ಮದಿಯಿರಲಿಲ್ಲ. ಅಂದಿನ ಮುಂಜಾನೆಯ ಅನುಭವ ಮತ್ತೆ ಪೂರ್ತಿಯಾಗಿ ಬರಲೇ ಇಲ್ಲ. ಮಾಲೆ ಕೊರಳಲ್ಲಿದ್ದರೂ ಅದು ಸೋರಿಹೋಗುತ್ತಿದೆಯೆಂದು ಅವನಿಗೆ ಅನ್ನಿಸುತ್ತಿತ್ತು. ಯಾರೋ ಹೇಳಿದರೆಂದು ಕೆಂಗೇರಿಯಾಚೆಯ ಒಂದು ಆಶ್ರಮಕ್ಕೆ ನನ್ನನ್ನು ಹಿಂದೆ ಕೂರಿಸಿಕೊಂಡು ಹೋದ. ಅಲ್ಲಿನ ಸ್ವಾಮೀಜಿ ಚಿಕ್ಕ ವಯಸ್ಸಿನವರು, ಮೆಲುಮಾತಿನವರು. ಕಣ್ಣು ಮುಚ್ಚಿಸಿ, ಉಸಿರಿನ ಮೇಲೆ ಮನಸ್ಸು ನಿಲ್ಲಿಸಿ, ಪ್ರೀತಿಯನ್ನು ಮೊದಲು ಮನೆಯವರಿಗೆ, ಆಮೇಲೆ ಬೀದಿಗೆ, ಊರಿಗೆ, ಲೋಕಕ್ಕೆ ಕಳಿಸಿ ಎಂದರು. ನನಗೆ ಸ್ವಲ್ಪ ನಿದ್ದೆ ಬಂದಿತು. ಕಣ್ಣು ಬಿಟ್ಟಾಗ ಪಕ್ಕದಲ್ಲಿ ಮುರುಗೇಶನಿಲ್ಲ. ಹೊರಗೆ ಚಪ್ಪಲಿ ಬಿಡುವಲ್ಲಿ ನಿಂತು, ನಿಲ್ಲಿಸಿಟ್ಟ ಬೈಕುಗಳ ಚೈನು ಮುಟ್ಟಿ ನೋಡುತ್ತಿದ್ದ.

"ಊರಿಗೆ ಕಳಿಸಿದೆ ಸ್ವಾಮಿ, ಲೋಕಕ್ಕೂ ಕಳಿಸಿದೆ. ಮನೆಯವರು ಅಂದಾಗ್ಲೇ ಎಲ್ಲೋ ಸಿಕ್ಕಾಕ್ಕೊಂಡಂಗಾಯ್ತು. ಮತ್ತೆ ಊರಿಗೆ ಹೋದೆ. ಮತ್ತೆ ಅಲ್ಲೇ ಬಂದೆ. ಕೂರಕ್ಕಾಗ್ಲಿಲ್ಲ."

ಸ್ವಾಮೀಜಿ ಅವನನ್ನು ಕರೆದು, "ಅವಸರ ಬೇಡ, ಬರುತ್ತಾ ಇರಿ" ಎಂದರು. ಅವನು ನಾಲ್ಕು ಭಾನುವಾರ ಹೋದ. ನಾಲ್ಕು ಸಲವೂ ಅರ್ಧಕ್ಕೆ ಎದ್ದು ಬಂದ.

ಏಪ್ರಿಲಿನಲ್ಲಿ ಸುಂಕದಕಟ್ಟೆಯ ಹತ್ತಿರ ದೊಡ್ಡಣ್ಣ ಎದುರಾದನಂತೆ. ಇವನು ಮಾಲೆಯವನಲ್ಲವೇ, ಕೈಮುಗಿದು "ಸ್ವಾಮಿ ಶರಣಂ" ಎಂದ. ದೊಡ್ಡಣ್ಣ ಬೈಕು ನಿಲ್ಲಿಸಿ ತನ್ನ ಬರಿ ಕೊರಳು ತೋರಿಸಿದ. "ನನ್ನ ಕುತ್ಗೇಲಿ ಏನೂ ಇಲ್ಲ ಕಣೋ. ನಾನು ದೊಡ್ಡಣ್ಣ. ಬೇಕಾದ್ರೆ ಹೆಸರಿಡಿದು ಬಯ್ಯಿ, ನಿಂತ್ಕೊಂಡ್ ಕೇಳ್ತೀನಿ" ಎಂದ. ಮುರುಗೇಶ ತಲೆ ತಗ್ಗಿಸಿ ಅಲ್ಲಿಂದ ಹೊರಟುಬಂದ. ಇದನ್ನು ನನಗೆ ಹೇಳುವಾಗ ಅವನು ಒಂದೇ ನಟ್ಟನ್ನು ಬಿಗಿ ಮಾಡುತ್ತಾ, ಸಡಿಲಿಸುತ್ತಾ, ಮತ್ತೆ ಬಿಗಿ ಮಾಡುತ್ತಾ ಇದ್ದ.

ಇದನ್ನೆಲ್ಲ ರಸ್ತೆಯಾಚೆಯಿಂದ ನೋಡುತ್ತಿದ್ದ ಹೊನ್ನವ್ವ ಒಂದು ದಿನ ಎದ್ದು ಬಂದಳು. "ನಮ್ಮ ಕಡೆಯಿಂದ ಅಜ್ಜಾರು ಬಂದಾರ್ರೀ. ಜ್ಞಾನಭಾರತಿ ಹತ್ರ ನಮ್ಮ ಮಂದಿ ಶೆಡ್‌ನ್ಯಾಗ ಅದಾರ. ಒಂದ್ಸಲ ಬರ್ರಿ." ಅವರ ಕಡೆ ಸಾಧುಸಂತರನ್ನು ಅಜ್ಜಾರು ಎನ್ನುತ್ತಾರೆ. ಅಂದು ಸಂಜೆಯೇ ಮೂವರೂ ಹೋದೆವು.

ಕಟ್ಟಡ ಕೆಲಸದವರ ತಗಡಿನ ಶೆಡ್ಡುಗಳ ಮುಂದೆ, ಸಿಮೆಂಟಿನ ಖಾಲಿ ಚೀಲ ಹಾಸಿಕೊಂಡು, ಮಾಸಿದ ಕಾವಿಯ ಮುದುಕರೊಬ್ಬರು ಶೇಂಗಾ ಸುಲಿಯುತ್ತಿದ್ದರು. ಯಾರನ್ನೂ ಕಾಲು ಮುಟ್ಟಲು ಬಿಡಲಿಲ್ಲ. ಮುರುಗೇಶನ ಮುಂದೆ ಒಂದು ಬೊಗಸೆ ಶೇಂಗಾ ಸುರಿದು, "ಸುಲಿ ತಮ್ಮಾ" ಎಂದರು. ಅವನು ಸುಲಿಯಲು ಕೂತ.

"ಜಾತ್ರಿ ಮುಗದು ನಾಕು ತಿಂಗಳಾತು. ಮಾಲಿ ಯಾಕ ಇಳಸಿಲ್ಲ?"

"ತೆಗೆದ್ರೆ ಪ್ರೀತಿ ಹೋಗುತ್ತೆ ಅಂತ ಭಯ ಸ್ವಾಮಿ."

"ಯಾರ ಮ್ಯಾಲಿಂದು?"

"ಎಲ್ಲರ ಮೇಲಿಂದೂ."

"ಎಲ್ಲಾರೂ ಅಂದ್ರ? ಹೆಸರು ಹೇಳು, ನಾನೂ ಕೇಳ್ತೇನಿ."

ಮುರುಗೇಶ ಶುರುಮಾಡಿದ. ಅವ್ವ, ರಂಜಿನಿ, ದೀಪ್ತಿ, ಮೇಷ್ಟ್ರು, ಹೊನ್ನವ್ವ, ಕಸದ ಆಟೋದವನು, ನಾಯಿ. ನಿಲ್ಲಿಸಿದ. ಅಜ್ಜಾರು ಇನ್ನೊಂದು ಕಾಯಿ ಸುಲಿದರು. ಹೊನ್ನವ್ವ ತಡೆಯಲಾರದೆ, "ಅಣ್ಣ ಒಬ್ಬಾಂವ ಅದಾನ್ರೀ ಅಜ್ಜಾರ" ಎಂದಳು.

"ಹೌದಾ? ಅಂವಗ ಏನಂತ ಕರೀತಿ?"

"ಸ್ವಾಮಿ ಅಂತೀನಿ."

"ನನಗೂ ಸ್ವಾಮಿ ಅಂತಿ. ನಾಯಿಗೂ ಅಂತಿ ಅಂತ ಈಕಿ ಹೇಳ್ಯಾಳ. ಒಡಹುಟ್ಟಿದಾಂವಗ ಬ್ಯಾರೆ ಏನರ ಇರ್ತೈತಲ್ಲ?"

ಮುರುಗೇಶನ ಬೆರಳುಗಳ ನಡುವೆ ಒಂದು ಕಾಯಿ ಒಡೆಯದೆ ಉಳಿಯಿತು. "ಬಾಯಿಗೆ ಬರಲ್ಲ ಸ್ವಾಮಿ. ನಲವತ್ತೊಂದು ದಿನ ಸ್ವಾಮಿ ಅಂದ್ಬಿಟ್ರೆ ಅದನ್ನ ಅನ್ನೋ ಕಷ್ಟ ಇರಲ್ಲ."

ಅಜ್ಜಾರು ಬೈಯಲಿಲ್ಲ, ಉಪದೇಶ ಮಾಡಲಿಲ್ಲ. "ಬರೂತನಕ ಮಾಲಿ ಇರ್ಲಿ ಬಿಡು. ಮಾಲಿಗೇನೂ ಭಾರ ಇಲ್ಲ. ಶೇಂಗಾ ತಿನ್ನು" ಎಂದು, ಬೇರೆಯವರೊಡನೆ ಮಳೆಯ ಮಾತಿಗೆ ತೊಡಗಿದರು.

ಹೊನ್ನವ್ವ ತನ್ನ ಮಂದಿಯೊಡನೆ ಅಲ್ಲೇ ಉಳಿದಳು. ಬರುವಾಗ ಮುರುಗೇಶ ನನ್ನನ್ನು ಹಿಂದೆ ಕೂರಿಸಿಕೊಂಡು, ಬಸವೇಶ್ವರನಗರದ ಕಡೆ ತಿರುಗದೆ ನೇರ ಹೇರೋಹಳ್ಳಿಗೆ ಗಾಡಿ ಹೊಡೆದ. ಅಣ್ಣನ ಮನೆಯ ಎದುರು ಎಂಜಿನ್ ಆರಿಸದೆಯೇ ನಿಂತ. ಒಳಗೆ ಟಿವಿಯ ಬೆಳಕು, ಅವ್ವನ ಕೆಮ್ಮು. ಎರಡು ನಿಮಿಷ ನಿಂತವನು ಗಾಡಿ ತಿರುಗಿಸಿದ. "ಇವತ್ತಾಗಲ್ಲ ಸಾರ್" ಎಂದ. ತಿಂಗಳುಗಳ ಮೇಲೆ ಅವನ ಬಾಯಲ್ಲಿ ನಾನು ಮತ್ತೆ ಸಾರ್ ಆಗಿದ್ದೆ. ಅವನೇ ಗಮನಿಸಿರಲಾರ.

ಆಷಾಢದ ಒಂದು ಬೆಳಗ್ಗೆ ನಾನು ಸ್ಟೂಲಿನ ಮೇಲೆ ಪತ್ರಿಕೆ ಓದುತ್ತಿದ್ದಾಗ ಒಬ್ಬ ಎತ್ತರದ ಮನುಷ್ಯ ಬೈಕಿನಿಂದ ಇಳಿದು ರಸ್ತೆಯ ಅಂಚಿನಲ್ಲೇ ನಿಂತ. ಪ್ಯಾಂಟಿನ ಕೆಳಭಾಗ ಒದ್ದೆಯಾಗಿತ್ತು. ನೀರು ಬಿಡುವ ಕೆಲಸವನ್ನು ಅರ್ಧಕ್ಕೇ ಬಿಟ್ಟು ಓಡಾಡಿದ್ದ. ಮುಖ ನೋಡಿದರೇ ಅಣ್ಣನೆಂದು ತಿಳಿಯುತ್ತಿತ್ತು.

"ಮುರುಗ," ಎಂದ. "ಅವ್ವಂಗೆ ಲಕ್ವ ಹೊಡೆದಿದೆ ಕಣೋ. ಬಲಗಡೆ ಪೂರ್ತಿ ಬಿದ್ದೋಗಿದೆ. ಆಸ್ಪತ್ರೆಗೆ ಸೇರ್ಸಿದೀನಿ. ನಾಳೆ ತನಕ ಏನೂ ಹೇಳಕ್ಕಾಗಲ್ಲ ಅಂದ್ರು ಡಾಕ್ಟ್ರು." ಉಸಿರೆಳೆದುಕೊಂಡ. "ಈ ಸಲ ಹೇಳ್ಬಿಟ್ಟಿದೀನಿ. ಮಾಲೆ ಇದೆ, ನಂಗೊತ್ತು. ಬರೋದು ಬಿಡೋದು ನಿಂದು."

ಹೇಳಿ, ಪೆಟ್ಟು ಬೀಳಬಹುದೆಂದು ಕಾಯುವವನ ಹಾಗೆ ನಿಂತುಕೊಂಡ.

ಮುರುಗೇಶನ ಕೈಯಿಂದ ಸ್ಪ್ಯಾನರು ಕಾಲಿನ ಮೇಲೆ ಬಿತ್ತು. ಅವನಿಗೆ ನೋವಾದಂತೆ ಕಾಣಲಿಲ್ಲ. "ಅಣ್ಣ, ಗಾಡಿ ತೆಗಿ" ಎಂದ. ಅಷ್ಟೇ. ಬರಿಗಾಲಿನಲ್ಲೇ ಓಡಿ ಹಿಂದಿನ ಸೀಟಿನಲ್ಲಿ ಕೂತ. ಬೈಕು ತಿರುವು ದಾಟಿದ ಮೇಲೆ ನಾನೂ ಹೊನ್ನವ್ವನೂ ಸೇರಿ ಗ್ಯಾರೇಜಿನ ಶಟರು ಎಳೆಯಲು ಹೋದೆವು. ಅದು ಅರ್ಧಕ್ಕೆ ಸಿಕ್ಕಿಕೊಂಡಿತು. ಅಮ್ಮನ ಮನೆಯಿಂದ ರಂಜಿನಿ ಬರುವವರೆಗೂ ನಾನು ಅಲ್ಲೇ ಕಾವಲು ಕೂತೆ.

ಮುನಿತಾಯಮ್ಮ ಉಳಿದುಕೊಂಡರು. ಮಾತು ತೊದಲಾಯಿತು, ಬಲಗೈ ಬಲಗಾಲು ಬಾರದಾದವು. ಆಸ್ಪತ್ರೆಯಲ್ಲಿ ಅವರ ಬಟ್ಟೆ ಬದಲಿಸಬೇಕು, ಮೈ ಒರೆಸಬೇಕು, ಮಲಮೂತ್ರ ತೆಗೆಯಬೇಕು. ನಾನು ನೋಡಲು ಹೋದಾಗ ಮುರುಗೇಶ ವಾರ್ಡಿನ ಹೊರಗೆ ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದ. "ಮಾಲೇಲಿ ಇದ್ಕೊಂಡು ಇದನ್ನ ಮುಟ್ಟೋ ಹಂಗಿಲ್ಲ ಸಾರ್. ಒಳಗೆ ಅಣ್ಣ ಒಬ್ನೇ ಎತ್ತಿ ಇಳಿಸ್ತಾವ್ನೆ. ನಾನಿಲ್ಲಿ ಶರಣು ಶರಣು ಅಂತ ನಿಂತಿದೀನಿ. ಇದೇನ್ ಸಾರ್ ಇದು?"

ಮಾಲೆ ತೆಗೆಯುವುದು ಗುರುಸ್ವಾಮಿಯ ಕೈ, ಇಲ್ಲವೇ ಹೆತ್ತವಳ ಕೈ. ಒಂಬತ್ತನೆಯ ದಿನ ಅವರನ್ನು ಹೇರೋಹಳ್ಳಿಯ ಮನೆಗೆ ಕರೆತಂದರು. ಬಾಗಿಲಿನಲ್ಲಿ ತೆಂಗಿನಕಾಯಿ ಒಡೆದು ಮುರುಗೇಶ ಮಂಚದ ಮುಂದೆ ಮಂಡಿಯೂರಿ ತಲೆ ಬಗ್ಗಿಸಿದ. ಆಕೆ ಎಡಗೈಯೆತ್ತಿದರು. ಒಂದು ಕೈಯಲ್ಲಿ ಮಾಲೆ ತಲೆಯ ಮೇಲಿನಿಂದ ಬರಲಿಲ್ಲ, ಕಿವಿಗೆ ಸಿಕ್ಕಿತು. ದೊಡ್ಡಣ್ಣ ಬಂದು ಅವ್ವನ ಸತ್ತ ಬಲಗೈಯನ್ನು ಮೊಣಕೈಯಲ್ಲಿ ಹಿಡಿದೆತ್ತಿ, ಅವಳ ಬೆರಳುಗಳನ್ನು ಮಾಲೆಯ ಇನ್ನೊಂದು ಬದಿಗೆ ಸೇರಿಸಿದ. ಹಾಗೆ ಅದು ಇಳಿಯಿತು.

ಮುನಿತಾಯಮ್ಮ ಮಗನ ಮುಖವನ್ನು ನೋಡಿ ತೊದಲುತ್ತಾ, "ಕ್ಷೌರ... ಮಾಡ್ಸ್ಕೊಳ್ಳೋ. ಕರಡಿ ಆಗಿದೀಯ" ಎಂದರು. ರಂಜಿನಿ ಎಲ್ಲರಿಗಿಂತ ಜೋರಾಗಿ ನಕ್ಕಳು.

ಮಾರನೆಯ ದಿನ ನಾನು ಭಯದಿಂದಲೇ ಕೇಳಿದೆ. "ಹೇಗಿದೆ ಮುರುಗೇಶ? ಹೋಯಿತೇ ಅದು?"

"ಹೋಯ್ತು ಸಾರ್. ಬೆಳಗ್ಗೆ ಎದ್ದು ಕೂತೆ. ಏನೂ ಇಲ್ಲ, ಬರೀ ಸೊಂಟ ನೋವು. ಆಮೇಲೆ ಅವ್ವನ ಬೆಡ್‌ಶೀಟ್ ಬದಲಾಯಿಸ್ಬೇಕಿತ್ತು, ಹೋದೆ."

ಅಂದಿನಿಂದ ಅದೇ ಅವನ ದಿನಚರಿ. ದೊಡ್ಡಣ್ಣ ಬೆಳಗಿನ ಆರಕ್ಕೆ ನೀರು ಬಿಡಲು ಹೋಗುತ್ತಾನೆ. ಐದೂಮುಕ್ಕಾಲಕ್ಕೆ ಮುರುಗೇಶ ಹಾಜರು. ಮೈ ಒರೆಸಿ, ಬಟ್ಟೆ ಬದಲಿಸಿ, ರಾಗಿ ಅಂಬಲಿ ಕುಡಿಸಿ, ಹತ್ತಕ್ಕೆ ಗ್ಯಾರೇಜಿಗೆ ಬರುತ್ತಾನೆ. ಅಣ್ಣತಮ್ಮಂದಿರಲ್ಲಿ ಸಿಹಿಮಾತೇನೂ ಇಲ್ಲ. ದಿಂಬು ಎತ್ತರವಾಯಿತೆಂದು ಜಗಳ, ಮಾತ್ರೆ ಊಟಕ್ಕೆ ಮೊದಲೋ ಆಮೇಲೋ ಎಂದು ಜಗಳ. "ನಿಂಗೇನೋ ಗೊತ್ತು, ವಾಲ್ವ್ ತಿರುಗ್ಸೋನಿಗೆ?" ಎಂದು ಇವನು. "ನೀನ್ ಬ್ರೇಕ್ ಹಾಕಿದ್ ಗಾಡಿಗಳು ಎಲ್ ನಿಂತವೆ ಅಂತ ನಂಗೊತ್ತಿಲ್ವಾ?" ಎಂದು ಅವನು. ತಂದೆಯ ಸಾವಿನ ಮಾತನ್ನು ಇಬ್ಬರೂ ಎತ್ತಿಲ್ಲ. ತಗಡಿನ ಡಬ್ಬಿ ಹಲಗೆಯ ಮೇಲೆಯೇ ಇದೆ. ಕೇಳಿದರೆ "ಇರ್ಲಿ ಬಿಡಿ ಸಾರ್" ಎನ್ನುತ್ತಾನೆ. ಗಿರಾಕಿಗಳಿಗೆ ಮತ್ತೆ ಬೈಯುತ್ತಾನೆ. ನಾಯಿ ಮಾತ್ರ ಈಗ ಬೆಂಚಿನ ಕೆಳಗೆ ಓಡುವುದಿಲ್ಲ.

2023ರ ಡಿಸೆಂಬರಿನಲ್ಲಿ ಇಬ್ಬರೂ ಮಾಲೆ ಹಾಕಲಿಲ್ಲ. ಕಳೆದ ಕಾರ್ತಿಕದಲ್ಲಿ ದೊಡ್ಡಣ್ಣ ಮಾಲೆ ಹಾಕಿದ. ಮುರುಗೇಶ, "ನೀನ್ ಹೋಗು, ನಾನಿರ್ತೀನಿ" ಎಂದ. ಈ ಜನವರಿಯಲ್ಲಿ ಹೊರಡುವ ದಿನ ನಾನೂ ಅಲ್ಲಿದ್ದೆ. ಹೊಸ್ತಿಲಲ್ಲಿ ಕಾಯಿ ಒಡೆದು, ಇರುಮುಡಿ ತಲೆಗೇರಿಸಿಕೊಂಡ ಮೇಲೆ ಮನೆಯ ಕಡೆ ತಿರುಗಿ ನೋಡಬಾರದು. ದೊಡ್ಡಣ್ಣ ನಾಲ್ಕು ಹೆಜ್ಜೆ ಹೋಗಿ, ಬೆನ್ನು ಹಾಕಿಯೇ ನಿಂತ.

"ಮುರುಗ, ಏನಾದ್ರೂ ಆದ್ರೆ ಫೋನ್ ಮಾಡ್ತೀಯಾ?"

"ಮಾಡ್ತೀನಿ ಅಣ್ಣ."

"ಬೆಟ್ಟದ ಬುಡದಲ್ಲಿದ್ರೂ?"

"ಹದಿನೆಂಟನೇ ಮೆಟ್ಟಿಲ ಮೇಲಿದ್ರೂ ಮಾಡ್ತೀನಿ."

ಗುರುಸ್ವಾಮಿ ಹುಬ್ಬುಗಂಟಿಕ್ಕಿದರು. ಮಾಲೆಯಲ್ಲಿರುವವನನ್ನು ಅಣ್ಣ ಎಂದು ಕರೆದದ್ದಕ್ಕೋ, ಆ ಮಾತಿಗೋ ತಿಳಿಯದು. ದೊಡ್ಡಣ್ಣ ನಡೆದ.

ಮೂರನೆಯ ದಿನವೇ ಮುನಿತಾಯಮ್ಮನವರಿಗೆ ಜ್ವರ ಏರಿತು. ಡಾಕ್ಟರು ಬಂದು ಸೂಜಿ ಹಾಕಿ, ಹೆದರಬೇಡಿ ಎಂದರು. ಪಕ್ಕದ ಮನೆಯ ಬೋರಮ್ಮ, "ಅವನ್ಗೆ ಹೇಳ್ಬೇಡ ಕಣಪ್ಪ, ಇರುಮುಡಿ ಹೊತ್ತವ್ನೆ. ಮನಸ್ ಕೆಡಿಸ್ಕೊಂಡಾನು" ಎಂದರು. ಮುರುಗೇಶ ಫೋನು ಹಿಡಿದು ಮನೆಯೊಳಗೆ, ಅಂಗಳಕ್ಕೆ, ಗೇಟಿಗೆ, ಮತ್ತೆ ಒಳಗೆ ತಿರುಗಿದ. ಮೂರು ಸಲ ನಂಬರು ಒತ್ತಿ ಮೂರು ಸಲ ಕತ್ತರಿಸಿದ. ನಂತರ, ನೋಡಲು ಬಂದಿದ್ದ ನನ್ನ ಪಕ್ಕ ಕುಸಿದು ಕೂತು, "ಅವತ್ತು ಅಣ್ಣಾನೂ ಹಿಂಗೇ ತಿರುಗಿರ್ಬೇಕಲ್ವಾ ಸಾರ್" ಎಂದ. ನಾನು ಉತ್ತರ ಹೇಳುವ ಮೊದಲೇ ನಾಲ್ಕನೆಯ ಸಲ ಒತ್ತಿದ.

"ಅಣ್ಣ, ಅವ್ವಂಗೆ ಜ್ವರ. ನೂರೆರಡಿದೆ. ಕಣ್ ಬಿಡ್ತಾಳೆ, ನೀರ್ ಕುಡಿದ್ಲು. ಡಾಕ್ಟ್ರು ಭಯ ಇಲ್ಲ ಅಂದ್ರು. ನಂಗೆ ಭಯ ಇದೆ."

ದೊಡ್ಡಣ್ಣನ ದನಿ ನನಗೂ ಕೇಳಿಸಿತು. "ಬರ್ಲಾ?"

"ಅದನ್ನ ನಾನ್ ಹೇಳಲ್ಲ. ಹೆಂಗಿದ್ದಾಳೆ ಅಂತ ಗಂಟೆಗೊಂದ್ ಸಲ ಹೇಳ್ತೀನಿ. ನೀನೇ ನೋಡ್ಕೋ."

 "ಫೋನ್ ಅವಳ ಕಿವಿಗಿಡಿ" ಎಂದ ದೊಡ್ಡಣ್ಣ. ಮುರುಗೇಶ ಹಿಡಿದ. ದೊಡ್ಡಣ್ಣ ಏನು ಹೇಳಿದನೋ, ಮುನಿತಾಯಮ್ಮ ಕಣ್ಣು ಮುಚ್ಚಿಕೊಂಡೇ "ಹ್ಞೂಂ, ಹ್ಞೂಂ" ಎಂದರು.

ದೊಡ್ಡಣ್ಣ ಬೆಟ್ಟ ಹತ್ತದೆ ಒಂದು ಹಗಲು, ಒಂದು ಇರುಳು ಬುಡದಲ್ಲೇ ಕಾದ. ತಂಡ ಮುಂದೆ ಹೋಯಿತು. ಇಲ್ಲಿಂದ ಗಂಟೆಗೊಂದು ಕರೆ ತಪ್ಪಲಿಲ್ಲ. ಮರುದಿನ ಬೆಳಗ್ಗೆ ಜ್ವರ ಇಳಿದ ಸುದ್ದಿ ಕೇಳಿದ ಮೇಲೆ ಒಬ್ಬನೇ ಹತ್ತಿದ. ನಾಳೆ ಊರಿಗೆ ಬರುತ್ತಾನೆ.

ಇಂದು ಬೆಳಗ್ಗೆ ನಾನು ಹೇರೋಹಳ್ಳಿಗೆ ಹೋದಾಗ ಮುರುಗೇಶ ಅವ್ವನಿಗೆ ಇಡ್ಲಿ ಕಿವುಚಿ ತಿನ್ನಿಸುತ್ತಿದ್ದ. ಕಣ್ಣು ಕೆಂಪಾಗಿತ್ತು, ಒಂದು ವಾರದ ಗಡ್ಡ ಬೆಳೆದಿತ್ತು. ಧ್ಯಾನಕ್ಕೆ ಕೂರುತ್ತೀಯಾ ಎಂದು ಕೇಳಿದೆ. "ಅವ್ವ ಮಲಗಿದಾಗ ಅವಳ ಉಸಿರು ನೋಡ್ತಾ ಕೂರ್ತೀನಿ ಸಾರ್. ನಂದು ನೋಡಕ್ಕೆ ಟೈಮಿಲ್ಲ. ಆ ದಿನದ್ದು ಮತ್ತೆ ಬಂದಿಲ್ಲ. ಬರುತ್ತೇನೋ ಅಂತ ಆಗಾಗ ಬಾಗಿಲ ಕಡೆ ನೋಡ್ತೀನಿ, ಅಷ್ಟೇ." ಕೈ ತೊಳೆದವನೇ ಫೋನು ಎತ್ತಿಕೊಂಡ. "ಒಂದ್ನಿಮಿಷ ಇರಿ. ಎರಡು ಇಡ್ಲಿ ತಿಂದ್ಲು ಅಂತ ಅಣ್ಣಂಗೆ ಹೇಳ್ಬೇಕು."

ಕರೆ ಹೋಗಲಿಲ್ಲ. ಅಂಗಳಕ್ಕೆ ಹೋದ, ಗೇಟಿಗೆ ಹೋದ. ಆಮೇಲೆ ಎರಡೆರಡು ಮೆಟ್ಟಿಲು ಹಾರಿ ಮಹಡಿಗೆ ಏರಿದ. ನೀರಿನ ಟ್ಯಾಂಕಿನ ಸುತ್ತ ಅವನು ನಡೆಯುವ ಸಪ್ಪಳ ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ, "ಅಣ್ಣ, ಕೇಳಿಸ್ತಿದ್ಯಾ?" ಎಂದು ಕೂಗುವುದು ಕೇಳಿಸಿತು.